ಗರ್ಭಿಣಿಯ ಮಧುಮೇಹ ಮತ್ತು ಅನಶನ

ತಪಸ್ಸು 12 ವಿಧ; ಅನಶನವು ಅವುಗಳಲ್ಲೊಂದು ಮಾತ್ರ. ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂದರೆ ಶಕ್ತಿಗೆ ತಕ್ಕ ತಪಸ್ಸೆಂದೇ ಅರ್ಥ. ಮೊದಲಿನಿಂದಲೂ ಮಧುಮೇಹವಿದ್ದ ಸ್ತ್ರೀಯು ಗರ್ಭಿಣಿಯಾದಾಗ ಇದು ವಿಶೇಷವಾಗಿ ಸ್ಮರಣೀಯ.

ಶಿಶುವಿನ ಮುಖ್ಯ ಅವಯವಗಳು ಮೊದಲ ಎಂಟು ವಾರಗಳಲ್ಲಿಯೇ ರೂಪುಗೊಳ್ಳುತ್ತವೆ. ಆಗ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಹೃದಯ, ಬೆನ್ನುಹುರಿಗಳಲ್ಲಿ ದೋಷವುಂಟಾಗಬಹುದು. ಆದುದರಿಂದ ಹತೋಟಿಯು ಗರ್ಭಧಾರಣೆಗೆ ಮುನ್ನವೇ ಆರಂಭವಾಗತಕ್ಕದ್ದು. ಸಾಮಾನ್ಯವಾಗಿ 100 ಮಿ.ಲೀ. ರಕ್ತದಲ್ಲಿ ಸಕ್ಕರೆಯು ಬೆಳಗಿನ ಬರಿಹೊಟ್ಟೆಯಲ್ಲಿ 95, ಊಟವಾದ ಎರಡು ಗಂಟೆಗೆ 120 ಮಿ.ಗ್ರಾಂ.ಗಿಂತ ಕಡಿಮೆಯಿರಬೇಕು.

ಉಪವಾಸದಿಂದ ಸಕ್ಕರೆ ತಗ್ಗಿ ಒಳಿತಾಗುವುದೆಂಬ ಎಣಿಕೆ ಸರಿಯಲ್ಲ. ಆಹಾರವಿಲ್ಲದಾಗ ಗರ್ಭಿಣಿಯ ದೇಹವು ಬೇಗನೆ ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ಉಂಟುಮಾಡುತ್ತದೆ. ಇನ್ಸುಲಿನ್ ಪಡೆದು ಉಣ್ಣದಿದ್ದರೆ ಪ್ರಜ್ಞೆ ತಪ್ಪಬಹುದು; ವ್ರತಕ್ಕೆಂದು ಇನ್ಸುಲಿನ್ನನ್ನೇ ಬಿಟ್ಟರೆ ತಾಯಿ, ಶಿಶು ಇಬ್ಬರಿಗೂ ಪ್ರಾಣಾಪಾಯ ಒದಗಬಹುದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ರಾತ್ರಿಯಾಗಿದ್ದರೂ, ಕೂಡಲೇ ಗ್ಲೂಕೋಸ್ ಸೇವಿಸಬೇಕು.

ಪರ್ವದಿನಗಳಲ್ಲಿ ವಿನಯ, ಸ್ವಾಧ್ಯಾಯ, ಧ್ಯಾನಗಳೆಂಬ ಅಂತರಂಗ ತಪಸ್ಸುಗಳು ಆಕೆಗೆ ಸದಾ ತೆರೆದಿವೆ. ಮನೆಯ ಹಿರಿಯರು ಇದನ್ನರಿತು, ವ್ರತನಿಯಮಕ್ಕೆ ಮುನ್ನ ವೈದ್ಯರ ಸಲಹೆ ಪಡೆಯುವಂತೆ ನೋಡಿಕೊಳ್ಳಬೇಕು. ಗರ್ಭಸ್ಥ ಜೀವದ ರಕ್ಷಣೆಯೂ ಅಹಿಂಸೆಯೇ.