ಡಿಸ್ಕ್ ಕೈಕೊಡುವ ಹೊತ್ತಿಗೆ

ಊರವರೇ ಸೇರಿ ನಡೆಸುವ ಜಾಲತಾಣದ ಸರ್ವರ್ ಎಂದರೆ ನಮ್ಮ ಕಡೆ ಬಹಳ ಸಲ ಒಂದು ಹಳೆಯ ಕಂಪ್ಯೂಟರ್ ಅಷ್ಟೆ. ಬಳ್ಳಾರಿಯ ಡಿಟಿಪಿ ಅಂಗಡಿಯ ಹಿಂಬದಿಯಲ್ಲೋ ಸಿರುಗುಪ್ಪದ ಟ್ಯೂಷನ್ ಕೋಣೆಯ ಮೇಜಿನ ಕೆಳಗೋ ಇರುತ್ತದೆ. ಜಾತ್ರೆಯ ಫೋಟೊ, ರಕ್ತದಾನಿಗಳ ಪಟ್ಟಿ, ಊರ ಹಿರಿಯರು ಬರೆದುಕೊಟ್ಟ ಸ್ಥಳಪುರಾಣ ಎಲ್ಲವೂ ಒಂದೇ ಡಿಸ್ಕ್‌ನಲ್ಲಿ. ಇಂಥವನ್ನು ನೋಡಿಕೊಳ್ಳುತ್ತ ಕಲಿತದ್ದು ಇದು.

1. ಪುಟ ತೆರೆಯಲು ತಡವಾದರೆ ಎಲ್ಲರೂ ಇಂಟರ್ನೆಟ್‌ನವರನ್ನು ಬೈಯುತ್ತಾರೆ. ಮೊದಲು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು 5, 197, 198 ಸಂಖ್ಯೆಯ ಸಾಲುಗಳನ್ನು ನೋಡಿ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಲೆಕ್ಕ 197ರಲ್ಲಿರುತ್ತದೆ. ಅದು ಏರುತ್ತಿದ್ದರೆ ಅಂದೇ ಹೊಸ ಡಿಸ್ಕ್ ತರಿಸಿ. 199 ಒಂದೇ ಏರುತ್ತಿದ್ದರೆ ಬಹುಪಾಲು ಕೇಬಲ್ಲಿನ ತಕರಾರು, ಅದನ್ನು ಬದಲಿಸಿ ನೋಡಿ. ಮೇಲೆ ‘ಪಾಸ್’ ಎಂದಿದೆಯೆಂದು ನಿಶ್ಚಿಂತರಾಗಬೇಡಿ. ಗೂಗಲ್‌ನವರು 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದಾಗ, ಕೆಟ್ಟವುಗಳಲ್ಲಿ ಶೇ. 36ಕ್ಕೂ ಹೆಚ್ಚಿನವು ಸ್ಮಾರ್ಟ್‌ನಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ.

2. ಅನುಮಾನ ಬಂದ ಡಿಸ್ಕ್ ಅನ್ನು ರಿಪೇರಿ ಮಾಡಲು ಹೋಗಬೇಡಿ. ಫೈಲ್ ವ್ಯವಸ್ಥೆ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸುವುದೆಂದರೆ ನಿತ್ರಾಣನಾದವನ ಕೈಯಲ್ಲಿ ಅಕ್ಕಿ ಮೂಟೆ ಹೊರಿಸಿದಂತೆ. ಸೈಟ್ ನಿಲ್ಲಿಸಿ, ಡಿಸ್ಕ್ ಅನ್ನು ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಮೊದಲು ಡೇಟಾಬೇಸ್, ಆಮೇಲೆ ಫೋಟೊಗಳನ್ನು ಇಳಿಸಿಕೊಳ್ಳಿ. ತಂತ್ರಾಂಶ ಮತ್ತೆ ಸಿಗುತ್ತದೆ, ಅದನ್ನು ಬಿಡಿ. ಕಾಪಿ ನಡುವೆ ನಿಂತರೆ ಡಿಡಿರೆಸ್ಕ್ಯೂ ಬಳಸಿ: ಅದು ಸಲೀಸಾಗಿ ಓದಲು ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ಕರೆಂಟ್ ಹೋದರೂ ಮೊದಲಿಂದ ಶುರುಮಾಡಬೇಕಿಲ್ಲ.

3. ಟಕ್ ಟಕ್ ಸದ್ದು ಬಂದರೆ ಸ್ವಿಚ್ ಆಫ್. ಮುಚ್ಚಳ ಬಿಚ್ಚಿ ನೋಡುವ ಕುತೂಹಲ ಬೇಡ, ಫ್ರಿಜ್‌ನಲ್ಲಿಡುವ ವೈದ್ಯವೂ ಬೇಡ.

4. ಅದಿರು ಲಾರಿಗಳ ಕೆಂಪು ಧೂಳು, ಸಿರುಗುಪ್ಪದ ರೈಸ್ ಮಿಲ್ಲುಗಳ ಹೊಟ್ಟಿನ ಪುಡಿ ನೇರವಾಗಿ ಡಿಸ್ಕ್ ಒಳಗೆ ಇಳಿಯುವುದಿಲ್ಲ, ಅಲ್ಲಿ ಫಿಲ್ಟರ್ ಇದೆ. ಧೂಳು ಕಟ್ಟುವುದು ಫ್ಯಾನ್‌ಗೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ, ಗಾಳಿಯಾಡದ ಪೆಟ್ಟಿಗೆಯ ಡಿಸ್ಕ್ ತಯಾರಕರು ಹೇಳುವ 60 ಡಿಗ್ರಿಯ ಗಡಿಗೆ ಹತ್ತಿರವಾಗುತ್ತದೆ. ಯುಗಾದಿಗೆ ಮನೆ ತೊಳೆಯುವಾಗಲೇ ಬ್ಲೋವರ್ ಹಿಡಿದು ಇದನ್ನೂ ಊದಿಬಿಡಿ. ಇನ್ನು ಕರೆಂಟಿನ ವಿಷಯ: ಮನೆಯ ಇನ್ವರ್ಟರ್ ಸಾಲದು. ಕರೆಂಟ್ ಹೋಗಿ ಅದು ಹತ್ತಿಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರಬಹುದು. ಪ್ರತ್ಯೇಕ ಯುಪಿಎಸ್ ಬೇಕು.

5. ಎರಡು ಡಿಸ್ಕ್ ಹಾಕಿ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುವಂತೆ ರೇಡ್ ಮಾಡಿದ್ದೇವೆ, ಬ್ಯಾಕಪ್ ಯಾಕೆ ಎನ್ನುವವರಿದ್ದಾರೆ. ಒಬ್ಬರು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಕಡೆ ಅಳಿಯುತ್ತದೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ ಡಿಸ್ಕ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಮುದಿಯಾಗುತ್ತವೆ.

6. ಬ್ಯಾಕಪ್ ಇದೆಯೋ ಎಂದು ಕೇಳಬೇಡಿ, ಬೇರೆ ಯಂತ್ರದಲ್ಲಿ ಅದನ್ನು ತೆರೆದು ತೋರಿಸಿ ಎನ್ನಿ. 2017ರ ಜನವರಿ 31ರಂದು ಕೋಡ್ ಸಂಗ್ರಹಿಸಿಡುವ ತಾಣ ಗಿಟ್‌ಲ್ಯಾಬ್‌ನ ಡೇಟಾಬೇಸ್ ಅಳಿಸಿಹೋದಾಗ ಐದು ಬಗೆಯ ವ್ಯವಸ್ಥೆಗಳಿದ್ದೂ ನೆಟ್ಟಗೆ ಯಾವುದೂ ಕೈಹಿಡಿಯಲಿಲ್ಲ. ಆರು ಗಂಟೆ ಮುಂಚೆ ಯಾರೋ ಬೇರೆ ಕೆಲಸಕ್ಕೆ ತೆಗೆದಿಟ್ಟಿದ್ದ ಪ್ರತಿ ಮಾನ ಉಳಿಸಿತು. ನಮಗೆ ಇನ್ನೊಂದು ಪರೀಕ್ಷೆ ಹೆಚ್ಚು. ಯೂನಿಕೋಡ್‌ನ ಒಂದೊಂದು ಕನ್ನಡ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್. ಡೇಟಾಬೇಸ್ ತೆಗೆಯುವಾಗಲೋ ಹಾಕುವಾಗಲೋ ಅಕ್ಷರ ಸಂಕೇತ ಲ್ಯಾಟಿನ್-1 ಆಗಿದ್ದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರಬಹುದು, ಅದನ್ನು ಮತ್ತೆ ಕನ್ನಡ ಮಾಡಲು ಬರುವುದಿಲ್ಲ. ಎಷ್ಟು ಜಿಬಿ ಬಂತು ಎಂಬುದರಿಂದ ಇದು ಗೊತ್ತಾಗದು. ಹಳೆಯದೊಂದು ಬರಹ ತೆರೆದು ಒತ್ತಕ್ಷರಸಮೇತ ಓದಿ.

7. ಒಂದು ಪ್ರತಿ ಬೇರೆ ಊರಲ್ಲಿರಲಿ. ಬಳ್ಳಾರಿಯ ಸರ್ವರ್‌ದು ಕುರುಗೋಡಿನ ಗೆಳೆಯರ ಮನೆ ಬೀರುವಿನಲ್ಲಿ, ಅವರದು ನಿಮ್ಮಲ್ಲಿ. ಕೊಟ್ಟು ತರುವುದಕ್ಕೆ ಬಸ್ ಚಾರ್ಜ್ ಸಾಕು.

8. ಹೊಸ ಡಿಸ್ಕ್ ಕೆಲಸ ಶುರುಮಾಡಿದ ಮೇಲೂ ಹಳೆಯದನ್ನು ಒಂದೆರಡು ತಿಂಗಳು ಇಟ್ಟುಕೊಳ್ಳಿ, ಯಾರದೋ ಫೋಟೊ ಬಿಟ್ಟುಹೋಗಿರಬಹುದು. ಆಮೇಲೂ ಹಾಗೇ ಗುಜರಿಗೆ ಹಾಕಬೇಡಿ. ರಕ್ತದಾನಿಗಳ ಫೋನ್ ನಂಬರುಗಳು ಅದರಲ್ಲಿವೆ. ಪಕ್ಕದ ವೆಲ್ಡಿಂಗ್ ಶಾಪಿನಲ್ಲಿ ಡ್ರಿಲ್ ಹಾಕಿಸಿ, ತಟ್ಟೆಗಳು ತೂತಾದವೆಂದು ಕಣ್ಣಾರೆ ನೋಡಿ ಕೊಡಿ.