ಹೊಲದ ಎಲ್ಲೆಗೆ ಮಿಶ್ರಬೇಲಿ

ಪೈರನ್ನು ಬೆಳೆಸುವುದಕ್ಕೆ ಎಷ್ಟು ಶ್ರಮವು ಬೇಕೋ, ಬೆಳೆದುದನ್ನು ಕಾಪಾಡುವುದಕ್ಕೂ ಅಷ್ಟೇ ಶ್ರಮವು ಬೇಕು. ಒಂದು ರಾತ್ರಿ ಹೊಲಕ್ಕೆ ನುಗ್ಗಿದ ನಾಲ್ಕು ದನಗಳು ಮೂರು ತಿಂಗಳ ದುಡಿಮೆಯನ್ನು ಹಾಳುಮಾಡಬಲ್ಲವು. ಅದರ ಹಿಂದೆಯೇ ದೊಡ್ಡಿ, ಜುಲ್ಮಾನೆ, ನೆರೆಯವರೊಡನೆ ಮನಸ್ತಾಪ ಇವೆಲ್ಲವೂ ಬರುವುವು. ಆದುದರಿಂದ ಬೇಲಿಯ ವೆಚ್ಚವನ್ನು ವ್ಯವಸಾಯದ ವೆಚ್ಚವೆಂದೇ ಎಣಿಸತಕ್ಕದ್ದು.

ಒಂದೇ ಬಗೆಯ ಬೇಲಿಯನ್ನು ನಂಬಿದವರು ಸಾಮಾನ್ಯವಾಗಿ ನಿರಾಶೆಯನ್ನು ಹೊಂದುವರು. ಒಣಮುಳ್ಳಿನ ಬೇಲಿಯು ಗೆದ್ದಲಿಗೆ ತುತ್ತಾಗಿ ವರ್ಷ ವರ್ಷವೂ ಹೊಸದಾಗಬೇಕು. ಮುಳ್ಳುತಂತಿಯ ಬೇಲಿಯು ಹಾಕಿದ ದಿನವೇ ದನಗಳನ್ನು ತಡೆಯುವುದಾದರೂ ಆಡು, ಕುರಿ, ಹಂದಿಗಳು ಅದರ ಕೆಳಗೆ ನುಸುಳುವುವು. ಕಾಲಕ್ರಮದಲ್ಲಿ ತಂತಿಗೆ ತುಕ್ಕು ಹಿಡಿಯುವುದು. ಹಸಿರುಬೇಲಿಯು ಬಹುಕಾಲ ಬಾಳುವುದು, ಆದರೆ ಅದು ದಟ್ಟವಾಗುವುದಕ್ಕೆ ಎರಡು ಮೂರು ವರ್ಷಗಳು ಹಿಡಿಯುವುವು. ಒಂದರ ಕೊರತೆಯನ್ನು ಮತ್ತೊಂದು ತುಂಬುವಂತೆ ಕಲ್ಲುಕಂಬ, ತಂತಿ, ಗಿಡ, ಅಗಳು ಇವುಗಳನ್ನು ಕೂಡಿಸಿ ಹಾಕುವುದೇ ಮಿಶ್ರಬೇಲಿಯು.

ಎಲ್ಲೆಯ ನಿರ್ಧಾರ

ಮೊದಲು ಎಲ್ಲೆ, ಅನಂತರ ಬೇಲಿ. ಬಾಂದುಕಲ್ಲುಗಳು ಇದ್ದ ಸ್ಥಳದಲ್ಲಿಯೇ ಇವೆಯೇ ಎಂಬುದನ್ನು ಸರ್ವೆ ನಕ್ಷೆಯೊಡನೆ ತಾಳೆನೋಡಬೇಕು. ವರ್ಷಕ್ಕೊಂದು ಸಾಲಿನಂತೆ ನೇಗಿಲು ಬದುವನ್ನು ಸರಿಸಿರುವ ಹೊಲಗಳು ವಿರಳವಲ್ಲ. ಸಂದೇಹವಿದ್ದಲ್ಲಿ ಹದ್ದುಬಸ್ತಿಗೆ ಅರ್ಜಿಯನ್ನು ಕೊಟ್ಟು, ನೆರೆಯ ಹಿಡುವಳಿದಾರರ ಸಮಕ್ಷಮದಲ್ಲಿ ಅಳತೆ ಮಾಡಿಸುವುದು ಶ್ರೇಯಸ್ಕರವು. ಅಳತೆಯ ಶುಲ್ಕವು ವ್ಯಾಜ್ಯದ ವೆಚ್ಚದ ಮುಂದೆ ಅತ್ಯಲ್ಪವಾದುದು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಂತೆ ಎಲ್ಲೆಯ ಗುರುತುಗಳನ್ನು ಸುಸ್ಥಿತಿಯಲ್ಲಿಡುವ ಹೊಣೆಯು ಹಿಡುವಳಿದಾರನದೇ ಆಗಿರುವುದರಿಂದ, ಬೇಲಿಯ ಗಿಡಗಳು ಬಾಂದುಕಲ್ಲನ್ನು ಮುಚ್ಚದಂತೆ ಅದರ ಸುತ್ತಲೂ ಸ್ವಲ್ಪ ಸ್ಥಳವನ್ನು ಬಿಡತಕ್ಕದ್ದು. ನಕ್ಷೆಯಲ್ಲಿರುವ ಬಂಡಿದಾರಿ, ಕಾಲುದಾರಿಗಳನ್ನು ಎಂದಿಗೂ ಮುಚ್ಚಕೂಡದು.

ಕೂಡಿ ಹಾಕುವ ಲಾಭ

ಬೇಲಿಯ ಉದ್ದವು ಹೊಲದ ವಿಸ್ತೀರ್ಣವನ್ನು ಮಾತ್ರವಲ್ಲದೆ ಆಕಾರವನ್ನೂ ಅನುಸರಿಸುವುದು. ಚಚ್ಚೌಕವಾದ ಒಂದು ಎಕರೆಯ ಸುತ್ತಳತೆಯು ಸುಮಾರು 835 ಅಡಿ. ಅದೇ ಎಕರೆಯು 66 ಅಡಿ ಅಗಲ, 660 ಅಡಿ ಉದ್ದದ ಪಟ್ಟೆಯಾಗಿದ್ದರೆ ಸುತ್ತಳತೆಯು 1,452 ಅಡಿ. ಇಂತಹ ಹತ್ತು ಪಟ್ಟೆಗಳು ಒತ್ತಾಗಿ ಸೇರಿದರೆ 660 ಅಡಿಯ ಚಚ್ಚೌಕವಾಗುವುದು. ಅದರ ಸುತ್ತಳತೆಯು 2,640 ಅಡಿ, ಅಂದರೆ ಎಕರೆಗೆ 264 ಅಡಿ ಮಾತ್ರ. ಹತ್ತು ಮಂದಿ ಒಡೆಯರು ಹೊರಸುತ್ತಿಗೆ ಒಂದೇ ಬೇಲಿಯನ್ನು ಹಾಕಿ, ಒಳಗಿನ ಎಲ್ಲೆಗಳಿಗೆ ಬದುಗಳನ್ನೂ ಬಾಂದುಕಲ್ಲುಗಳನ್ನೂ ಉಳಿಸಿಕೊಂಡರೆ ಪ್ರತಿಯೊಬ್ಬನ ಭಾರವೂ ಐದನೆಯ ಒಂದು ಪಾಲಿಗಿಂತ ಕಡಿಮೆಯಾಗುವುದು. ಯಾರ ಪಾಲು ಎಷ್ಟು, ದುರಸ್ತಿಯ ಹೊಣೆ ಯಾರದು ಎಂಬುದನ್ನು ಮೊದಲೇ ಬರೆದಿಡಬೇಕು. ಗ್ರಾಮದ ಮುಖ್ಯಸ್ಥರು ಮುಂದೆ ನಿಂತು ಈ ಕಾರ್ಯವನ್ನು ನಡೆಸಿಕೊಟ್ಟರೆ ಸಣ್ಣ ಹಿಡುವಳಿದಾರನಿಗೂ ಬೇಲಿಯು ಎಟಕುವುದು.

ಕಂಬ ಮತ್ತು ತಂತಿ

ಕಣಶಿಲೆಯು ಹೇರಳವಾಗಿರುವ ಸೀಮೆಯಲ್ಲಿ ಕಲ್ಲುಕಂಬವೇ ಉತ್ತಮವು. ಅದಕ್ಕೆ ಗೆದ್ದಲಿಲ್ಲ, ತುಕ್ಕಿಲ್ಲ. ಆರೂವರೆ ಅಡಿಯ ಕಂಬವನ್ನು ಎರಡು ಅಡಿ ಹೂಳಿ, ಸುತ್ತಲೂ ಜಲ್ಲಿಕಲ್ಲನ್ನು ಹಾಕಿ ಗಟ್ಟಿಸಬೇಕು. ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಯಲ್ಲಿ ಬಿರಿಯುವುದರಿಂದ ಅಲ್ಲಿ ಇನ್ನೂ ಆಳವಾಗಿ ಹೂಳದಿದ್ದರೆ ಕಂಬಗಳು ವಾಲುವುವು. ಮೂಲೆಯ ಕಂಬಗಳಿಗೆ ಎರಡು ಕಡೆಯೂ ಓರೆಯಾಗಿ ಆಸರೆಯ ಕಲ್ಲುಗಳನ್ನು ಕೊಡದಿದ್ದರೆ ತಂತಿಯ ಬಿಗಿಯು ನಿಲ್ಲುವುದಿಲ್ಲ. ಕಂಬಗಳ ನಡುವೆ 10 ಅಡಿಯಂತೆ ಮೇಲೆ ಹೇಳಿದ ಹತ್ತು ಎಕರೆಗೆ 264 ಕಂಬಗಳೂ, ನಾಲ್ಕು ಎಳೆಯಂತೆ 10,560 ಅಡಿ, ಅಂದರೆ ಎರಡು ಮೈಲಿ ತಂತಿಯೂ ಬೇಕಾಗುವುವು. ಕೆಳಗಿನ ಎಳೆಯು ನೆಲದಿಂದ 9 ಅಂಗುಲವನ್ನು ಮೀರಕೂಡದು. ಕೆಳಗಿನ ಎಳೆಗಳು ಒತ್ತಾಗಿಯೂ ಮೇಲಿನವು ವಿರಳವಾಗಿಯೂ ಇರಬೇಕು.

ಕಾಡುಪ್ರಾಣಿಗಳ ಹಾವಳಿಯಿರುವಲ್ಲಿ ಕೆಲವರು ವಿದ್ಯುತ್ ಮಾರ್ಗದಿಂದ ನೇರವಾಗಿ ತಂತಿಗೆ ಸಂಪರ್ಕವನ್ನು ಕೊಡುವರು. ಇದು ದಂಡನೀಯ ಅಪರಾಧವು. ಆನೆಗಳೂ ಮನುಷ್ಯರೂ ಇದರಿಂದ ಸತ್ತಿರುವರು. ಕ್ಷಣಮಾತ್ರ ಮಿಡಿತವನ್ನು ಕೊಡುವ, ತಕ್ಕ ಯಂತ್ರವುಳ್ಳ ಸೌರಬೇಲಿಯು ಬೇರೆ, ಇದು ಬೇರೆ.

ಗಿಡಗಳ ಆಯ್ಕೆ

“ಬೇಲಿಯೇ ಎದ್ದು ಹೊಲ ಮೇಯ್ದಂತೆ” ಎಂಬ ಗಾದೆಯು ಗಿಡಗಳ ವಿಷಯದಲ್ಲಿ ಅಕ್ಷರಶಃ ನಿಜವಾಗಿರುವುದು. ಪಾಪಾಸುಕಳ್ಳಿಯು ಅಮೆರಿಕಾ ಖಂಡದಿಂದ ಬಂದು ದಕ್ಷಿಣ ಭಾರತದ ಭೂಮಿಯನ್ನು ಆವರಿಸಿಕೊಂಡು, 1926ರಲ್ಲಿ ತಂದುಬಿಟ್ಟ ಕೊಚಿನಿಲ್ ಕೀಟದಿಂದ ಹತೋಟಿಗೆ ಬಂದಿತು. ಅಲಂಕಾರಕ್ಕೆಂದು ತಂದ ಲಂಟಾನವೂ, ಸೌದೆಗೆಂದು ಹರಡಿದ ಬಳ್ಳಾರಿ ಜಾಲಿಯೂ ಹಾಗೆಯೇ ಕಳೆಗಳಾದುವು. ಇವುಗಳನ್ನು ಬೇಲಿಗೆ ನೆಡಲೇಬಾರದು.

ಕತ್ತಾಳೆಯು ಕಲ್ಲುನೆಲದಲ್ಲಿಯೂ ಬರಗಾಲದಲ್ಲಿಯೂ ಬದುಕುವುದು ಮತ್ತು ನಾರನ್ನು ಕೊಡುವುದು. ಆದರೆ ಹೂಗಂಬವೆದ್ದ ಗಿಡವು ಸಾಯುವುದರಿಂದ ಆ ಕಂಡಿಗೆ ಮರಿಗಳನ್ನು ಸಿದ್ಧವಾಗಿಟ್ಟಿರಬೇಕು. ಆಡು ಮುಟ್ಟದ ಸೊಪ್ಪಿಲ್ಲವೆಂದರೂ ಆಡುಸೋಗೆಯನ್ನೂ ಲಕ್ಕಿಯನ್ನೂ ಅದು ಸಾಮಾನ್ಯವಾಗಿ ಬಿಡುವುದು. ಇವೆರಡೂ ಕಡ್ಡಿಯಿಂದ ಬೇರೂರುವುವು. ಕಾಡುಹರಳು ಬಹುಬೇಗ ಹತ್ತುವುದಾದರೂ ಅದರ ಬೀಜವು ವಿಷಕರವಾದುದರಿಂದ ಮಕ್ಕಳು ಓಡಾಡುವೆಡೆ ಬೇಡ. ಮುಳ್ಳಿನ ಆಸರೆ ಬೇಕಾದಲ್ಲಿ ಸೀಗೆಯನ್ನೂ ಕವಳೆಯನ್ನೂ ಬೆಳೆಸಬಹುದು. ಅವುಗಳ ಕಾಯಿಯೂ ಆದಾಯವೇ. ತಂತಿಯ ಪಕ್ಕದಲ್ಲಿ ಗ್ಲಿರಿಸಿಡಿಯಾವನ್ನು, ಅಂದರೆ ಗೊಬ್ಬರದ ಗಿಡವನ್ನು ನೆಟ್ಟು ವರ್ಷಕ್ಕೆ ಎರಡು ಮೂರು ಬಾರಿ ಕಡಿದರೆ ಹೊಲಕ್ಕೆ ಸಾರಜನಕವುಳ್ಳ ಹಸಿರುಗೊಬ್ಬರವು ಅಲ್ಲಿಯೇ ದೊರೆಯುವುದು.

ಎತ್ತರದ ಮರಗಳ ನೆರಳು ವರ್ಷದ ಬಹುಭಾಗ ಉತ್ತರಕ್ಕೆ ಬೀಳುವುದರಿಂದ, ಉತ್ತರದಲ್ಲಿ ರಸ್ತೆಯೋ ಹಳ್ಳವೋ ಇದ್ದರೆ ಮಾತ್ರ ಆ ಎಲ್ಲೆಗೆ ಮರಗಳನ್ನು ನೆಡುವುದು ಸರಿ. ಅಲ್ಲಿ ಪರರ ಹೊಲವಿದ್ದರೆ ನೆರಳಿನ ನಷ್ಟವು ನೆರೆಯವನದಾಗುವುದು.

ಅಗಳು

ಎಲ್ಲೆಯ ಒಳಗಡೆ ಎರಡು ಅಡಿ ಅಗಲ, ಎರಡು ಅಡಿ ಆಳದ ಅಗಳನ್ನು ತೋಡಿ, ಮಣ್ಣನ್ನು ಎಲ್ಲೆಯ ಪಕ್ಕಕ್ಕೆ ಏರಿಹಾಕಿ, ಆ ಏರಿಯ ಮೇಲೆ ಮುಂಗಾರಿನ ಆರಂಭದಲ್ಲಿ ಎರಡು ಸಾಲು ಗಿಡಗಳನ್ನು ಎಡೆಬಿಟ್ಟು ನೆಡಬೇಕು. ಅಗಳು ಬೇಲಿಯ ಬೇರುಗಳು ಪೈರಿನ ಕಡೆಗೆ ಹೋಗದಂತೆ ತಡೆಯುವುದು. ಇಳಿಜಾರಿನಲ್ಲಿ ಅದು ಕೊರಕಲಾಗದಂತೆ ಸುಮಾರು 30 ಅಡಿಗೊಂದರಂತೆ ಅಗೆಯದ ಮಣ್ಣಿನ ತಡೆಯನ್ನು ಬಿಡತಕ್ಕದ್ದು. ಆಗ ಮಳೆಯ ನೀರೂ ಅಲ್ಲಿಯೇ ಇಂಗುವುದು.

ಪಾಲನೆ

ಬೇಲಿಯ ಬಲವು ಅದರ ಅತಿ ದುರ್ಬಲವಾದ ಕಂಡಿಯಷ್ಟೇ. ಮೊದಲನೆಯ ವರ್ಷ ಸತ್ತ ಗಿಡಗಳಿಗೆ ಬದಲಾಗಿ ಬೇರೆಯವನ್ನು ತಪ್ಪದೆ ನೆಡಬೇಕು. ಗಿಡಗಳು ಮೊಣಕಾಲೆತ್ತರಕ್ಕೆ ಬಂದೊಡನೆ ತುದಿಯನ್ನು ಕತ್ತರಿಸಿದರೆ ಬುಡದಲ್ಲಿ ಕವಲೊಡೆದು ದಟ್ಟವಾಗುವುವು; ಕತ್ತರಿಸದೆ ಬಿಟ್ಟ ಬೇಲಿಯು ಮೇಲೆ ಹಬ್ಬಿ ಕೆಳಗೆ ಬರಿದಾಗುವುದು. ಆಳುಗಳು ಓಡಾಡುವಲ್ಲಿ ತಡಮೆಯನ್ನೂ ಬಂಡಿ ಹೋಗುವಲ್ಲಿ ಉಣುಗೋಲನ್ನೂ ಇಡದಿದ್ದರೆ ಮನೆಯವರೇ ಬೇಲಿಯನ್ನು ಮುರಿದು ದಾರಿ ಮಾಡಿಕೊಳ್ಳುವರು.

ಹೀಗೆ ಹಾಕಿದ ಬೇಲಿಯಲ್ಲಿ ಮೊದಲ ವರ್ಷಗಳಲ್ಲಿ ತಂತಿಯು ಗಿಡವನ್ನು ಕಾಯುವುದು. ತಂತಿಯು ಹಳತಾಗುವ ವೇಳೆಗೆ ಗಿಡವೇ ಹೊಲವನ್ನು ಕಾಯುವುದು. ಒಮ್ಮೆಗೇ ಎಲ್ಲವನ್ನೂ ಮಾಡುವ ಶಕ್ತಿಯಿಲ್ಲದವರು ದನಗಳು ಹೆಚ್ಚಾಗಿ ಓಡಾಡುವ ಮಗ್ಗುಲಿಗೆ ಈ ವರ್ಷ ಕಂಬ ತಂತಿಗಳನ್ನು ಹಾಕಿ, ಉಳಿದ ಮಗ್ಗುಲುಗಳಿಗೆ ಏರಿಯನ್ನೂ ಗಿಡವನ್ನೂ ಸಿದ್ಧಪಡಿಸುವುದು ಯುಕ್ತವು.