ವಿಧಾನಸೌಧ ನೋಡೋಣ ಬನ್ನಿ

ಅಕ್ಕ, ಬೆಂಗಳೂರಿಗೆ ಹೋದರೆ ವಿಧಾನಸೌಧ ನೋಡಿ ಬನ್ನಿ. ಇದು ದೊಡ್ಡ ಕಲ್ಲಿನ ಕಟ್ಟಡ. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಮುಂದೆ ನಿಂತು ಕಟ್ಟಿಸಿದರು. 1956ರಲ್ಲಿ ಕೆಲಸ ಮುಗಿಯಿತು. ಕಲ್ಲು ಕಡೆದವರು, ಹೊತ್ತವರು ಸಾವಿರಾರು ಜನ. ಜೈಲಿನ ಕೈದಿಗಳೂ ದುಡಿದರು.

ಮುಂಭಾಗದಲ್ಲಿ ತಲೆ ಎತ್ತಿ ನೋಡಿ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಯಾರನ್ನೂ ಕೇಳಬೇಡಿ, ನೀವೇ ಓದಿ.

ಒಳಗೆ ವಿಧಾನಸಭೆ ಇದೆ. ನಾವು ಓಟು ಹಾಕಿ ಗೆಲ್ಲಿಸಿದ 224 ಶಾಸಕರು ಅಲ್ಲಿ ಕೂರುತ್ತಾರೆ. ಸಭೆ ನಡೆಯುವಾಗ ನಾವೂ ನೋಡಬಹುದು. ಅದಕ್ಕೆ ಪಾಸ್ ಬೇಕು.

1972ರಲ್ಲಿ ಕೆ.ಎಸ್. ನಾಗರತ್ನಮ್ಮ ಸಭಾಧ್ಯಕ್ಷರಾದರು. ಆ ಪೀಠ ಏರಿದ ಮೊದಲ ಹೆಂಗಸು ಅವರು. ಆದರೆ 2023ರ ಚುನಾವಣೆಯಲ್ಲಿ ಗೆದ್ದ ಹೆಂಗಸರು 10 ಮಂದಿ ಮಾತ್ರ. ಕಮ್ಮಿ ಆಯ್ತು, ಅಲ್ವಾ?

ನಿಮ್ಮ ಶಾಸಕರು ಯಾರು? ಹೆಸರು ಬರೆಯಿರಿ.